ಗಿರಿರಾಜನ ಮೊಟ್ಟೆ, ನಾಟಿ ಯಾಟೆ ಕಾವು

ಚಿಂತಾಮಣಿ ಹತ್ರ ನಮ್ಮ ಹಿತ್ತಲು ಅಂದ್ರೆ ಅಂಗೈ ಅಗಲ ಜಾಗ, ಅದ್ರಲ್ಲೇ ಒಂದು ನುಗ್ಗೆ ಮರ, ನಾಲ್ಕು ಸಾಲು ಬದನೆ, 6 ಕೋಳಿ, ಜೊತೆಗೆ ಮಗಳು ಹಟ ಮಾಡಿ ತರಿಸಿದ ಮೊಲ. ಗಿರಿರಾಜ ತಳಿ ಕೋಳಿ ಮೊಟ್ಟೆ ಚೆನ್ನಾಗೇ ಇಡುತ್ತೆ, ಆದ್ರೆ ಕಾವಿಗೆ ಕೂರು ಅಂದ್ರೆ ನಂಗ್ಯಾಕೆ ಅನ್ನೋ ಥರ ಎದ್ದೋಗುತ್ತೆ, ಅದಕ್ಕೇ ಅಮ್ಮ ಮಂಕರಿಗೆ ಒಣಹುಲ್ಲು ಹಾಕಿ ಅದರ 11 ಮೊಟ್ಟೇನೂ ನಾಟಿ ಯಾಟೆ (ಹೆಣ್ಣು ಕೋಳಿ) ಕೆಳಗೆ ಸೇರಿಸಿಬಿಟ್ರು. ಏಳನೇ ದಿನ ರಾತ್ರಿ ಮೊಬೈಲ್ ಟಾರ್ಚ್ ಹಿಡಿದು ನೋಡಿದ್ರೆ 8ರಲ್ಲಿ ಕೆಂಪು ನರ ಜೇಡರ ಬಲೆ ಥರ ಕಾಣ್ತು, ಮಿಕ್ಕ 3 ಬರೀ ತಿಳಿ, ತೆಗೆದ್ವಿ. 21 ದಿನಕ್ಕೆ 7 ಮರಿ. ಇನ್ನೊಂದರ ಚಿಪ್ಪು ನಾನೇ ಬಿಡಿಸೋಕೆ ಹೋಗಿ ಬೈಸ್ಕೊಂಡೆ.

ವಾರದೊಳಗೆ ಮರಿಗಳಿಗೆ ಕೊಕ್ಕರೆ ರೋಗ ಬರದ ಹಾಗೆ ಲಸೋಟಾ ಅನ್ನೋ ಲಸಿಕೆ ಹನಿ ಹಾಕಿಸಿದ್ವಿ. ಹೋದ್ಸಲ ಸೋಮಾರಿತನ ಮಾಡಿ ಹಾಕಿಸದೆ ಆ ರೋಗ ಬಂದು ಮಂಕರಿ ಪೂರ್ತಿ ಖಾಲಿ ಆಗಿತ್ತು.

ಹಸಿ ಕೋಳಿಗೊಬ್ಬರ ನೇರ ಬದನೆ ಬುಡಕ್ಕೆ ಸುರಿದು (ನನ್ನ ಬುದ್ಧಿವಂತಿಕೆ!) ಗಿಡದ ಎಲೆ ಅಂಚೆಲ್ಲ ಸುಟ್ಟೋಯ್ತು, ಈಗ ತಿಪ್ಪೇಲಿ ಎರಡ್ಮೂರು ತಿಂಗಳು ಕೊಳೆಸಿ ಹಾಕ್ತೀನಿ. ಮೊಲದ ಹಿಕ್ಕೆಗೆ ಆ ತಾಪತ್ರಯ ಇಲ್ಲ. ಆದ್ರೆ ಆ ಮೊಲ ನಿನ್ನೆ ಕೊತ್ತಂಬರಿ ಮಡಿ ಪೂರ್ತಿ ಮೇಯ್ದುಬಿಟ್ಟಿದೆ, ಸಾರಿಗೆ ಏನ್ ಹಾಕ್ಲಿ ಅಂತ ಅಮ್ಮ ಇನ್ನೂ ಗೊಣಗ್ತಾ ಇದ್ದಾರೆ.