ಬಟ್ಟೆಯಿಲ್ಲದ ಹಾಯಿ

2008ರ ಬೇಸಿಗೆ. ಫ್ರಾನ್ಸಿನ ಬ್ರೆಸ್ಟ್‌ನಲ್ಲಿ ಓದುತ್ತಿದ್ದೆ. ಒಂದು ಭಾನುವಾರ ಗೆಳೆಯನನ್ನು ಎಬ್ಬಿಸಿಕೊಂಡು ಕೊಂಕಾರ್ನೋ ಬಂದರಿಗೆ ಹೋದೆ. ‘ಅಲ್ಸಿಯೋನ್’ ನೋಡಬೇಕಿತ್ತು. ಕಡಲಿನ ಒಳಗನ್ನು ಜಗತ್ತಿಗೆ ತೋರಿಸಿದ ಜಾಕ್ ಕೂಸ್ಟೊ ಅವರ ಸಂಶೋಧನಾ ಹಡಗು ಅದು.

ದೂರದಿಂದ ನೋಡಿದರೆ ಹಾಯಿ ಹಡಗು ಅನ್ನಿಸುವುದೇ ಇಲ್ಲ. 31 ಮೀಟರ್ ಉದ್ದದ ಅಲ್ಯೂಮಿನಿಯಂ ಹಡಗು. ಮೇಲೆ ಎರಡು ದಪ್ಪ ಕಂಬ, ಒಂದೊಂದೂ ಸುಮಾರು 10 ಮೀಟರ್ ಎತ್ತರ. ಹತ್ತಿರ ಹೋದಾಗ ಕಂಬ ದುಂಡಗಿಲ್ಲ, ಮೊಟ್ಟೆಯಂತೆ ಉದ್ದುದ್ದ ಎಂದು ಗೊತ್ತಾಯಿತು. ಪಕ್ಕದಲ್ಲಿ ಮೇಲಿನಿಂದ ಕೆಳಗಿನವರೆಗೆ ಜರಡಿಯಂತೆ ತೂತುಗಳು. ಅದನ್ನೇ ನೋಡುತ್ತಾ ತುಂಬಾ ಹೊತ್ತು ನಿಂತಿದ್ದೆ.

ಅದೇ ಟರ್ಬೋಸೈಲ್. ಕಂಬದ ತುದಿಯಲ್ಲಿರುವ ಫ್ಯಾನ್ ಆ ತೂತುಗಳಿಂದ ಗಾಳಿಯನ್ನು ಒಳಗೆ ಎಳೆಯುತ್ತದೆ. ಆಗ ಹೊರಗೆ ಬೀಸುವ ಗಾಳಿ ಕಂಬ ಬಿಟ್ಟು ಚದುರದೆ, ಅದಕ್ಕೆ ಅಂಟಿಕೊಂಡೇ ಸುತ್ತಿ ಹರಿಯುತ್ತದೆ. ಆ ಬದಿಯಲ್ಲಿ ಒತ್ತಡ ಕಡಿಮೆಯಾಗಿ ಕಂಬ ಅತ್ತ ಸೆಳೆಯಲ್ಪಡುತ್ತದೆ, ಜೊತೆಗೆ ಹಡಗೂ. ಚಮಚದ ಬೆನ್ನನ್ನು ನಲ್ಲಿ ನೀರಿಗೆ ತಾಗಿಸಿ ನೋಡಿ. ಚಮಚ ನೀರಿನ ಕಡೆಗೇ ಎಳೆದುಕೊಳ್ಳುತ್ತದೆ, ಅಲ್ವಾ? ರೂಮಿಗೆ ಬಂದು ಅದನ್ನು ಎಷ್ಟು ಸಲ ಮಾಡಿದೆನೋ.

ಇದೇನೂ ಒಂದೇ ಏಟಿಗೆ ಆಗಿದ್ದಲ್ಲ. 1983ರಲ್ಲಿ ಕೂಸ್ಟೊ ಇನ್ನೊಂದು ದೋಣಿಗೆ ಇಂಥದೇ ಕಂಬ ಹಾಕಿ ಅಟ್ಲಾಂಟಿಕ್ ದಾಟಲು ಹೊರಟಿದ್ದರು. ಬಿರುಗಾಳಿಗೆ ಕಂಬ ಮುರಿದುಬಿತ್ತು. ಎದೆಗುಂದಲಿಲ್ಲ. 1985ರಲ್ಲಿ ಅಲ್ಸಿಯೋನ್ ಆ ಸಾಗರ ದಾಟಿ ನ್ಯೂಯಾರ್ಕ್ ಮುಟ್ಟಿತು. ಡೀಸೆಲ್ ಇಂಜಿನ್ನೂ ಇದೆ. ಗಾಳಿ ಜಾಸ್ತಿಯಾದರೆ ಇಂಜಿನ್ ವೇಗ ಇಳಿಸುವುದು, ಕಡಿಮೆಯಾದರೆ ಏರಿಸುವುದು ಕಂಪ್ಯೂಟರ್ ಕೆಲಸ.

ರಾತ್ರಿ ಗಂಗೊಳ್ಳಿಗೆ ಫೋನ್ ಮಾಡಿದೆ. ಅಪ್ಪ ಹರೆಯದಲ್ಲಿ ಮುಂಬೈಗೆ ಹಂಚು ಸಾಗಿಸುವ ಮಂಜಿಯಲ್ಲಿ, ಅಂದರೆ ಹಾಯಿ ಹಡಗಿನಲ್ಲಿ, ದುಡಿದವರು.

“ಬಟ್ಟೆ ಇಲ್ದೆ ಹಾಯಿ ಎಂತದ್ ಮಾರಾಯಾ?” ಎಂದರು. ಎಲ್ಲಾ ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು: “ಗಾಳಿ ಬದಿ ಬದಲಾದ್ರೆ ತೂತು?”

ಇಷ್ಟೆಲ್ಲ ಓದಿದ ನನಗೆ ಬೆಳಿಗ್ಗೆ ಹೊಳೆಯದ ಪ್ರಶ್ನೆ. ತೂತು ಎರಡೂ ಬದಿಗಿದೆ, ಗಾಳಿ ಬರುವ ಬದಿಯದ್ದನ್ನು ಒಂದು ರೆಕ್ಕೆ ಸರಿದು ಮುಚ್ಚುತ್ತದೆ ಎಂದು ಪುಸ್ತಕ ನೋಡಿಯೇ ಹೇಳಬೇಕಾಯಿತು.

“ಹಾಂ, ಹಾಗೆ ಹೇಳು. ನಾವೂ ಹಾಯಿ ಆಚೆ ಬದಿಗೆ ಹಾಕ್ತಿದ್ದೆವು. ಆರು ಜನ ಬೇಕಿತ್ತು ಅದಕ್ಕೆ,” ಎಂದರು ಅಪ್ಪ.