ಅಗ್ಗದ ಪವರ್ ಫಾರ್ವರ್ಡ್‌ಗಳ ಹುಡುಕಾಟ: ಐದನೆಯ ಹೆಸರು ಕೊನೆಗೂ ಸಿಕ್ಕಿತು

ಮೂರು ವಾರಗಳಿಂದ ಕಾಡುತ್ತಿದ್ದ ತಪ್ಪು ನಿನ್ನೆ ರಾತ್ರಿ ಕೈಗೆ ಸಿಕ್ಕಿತು. ಬ್ಯಾಸ್ಕೆಟ್‌ಬಾಲ್ ಆಟಗಾರ ಅಂಕಣದಲ್ಲಿದ್ದಾಗ ತಂಡದ ಅಂಕಗಳಲ್ಲಾಗುವ ಏರಿಳಿತದಿಂದ ಅವನ ಬೆಲೆಯನ್ನು ಅಂದಾಜಿಸುವ ಮಾದರಿಯೊಂದನ್ನು ಕಟ್ಟುತ್ತಿದ್ದೇನೆ. ತಪ್ಪನ್ನು ನಾನು ಅದರ ರಿಡ್ಜ್ ರಿಗ್ರೆಷನ್‌ನ (ಕಡಿಮೆ ಆಡಿದವರ ಅಂದಾಜನ್ನು ಸೊನ್ನೆಯ ಕಡೆಗೆ ಎಳೆಯುವ ಸಂಖ್ಯಾಶಾಸ್ತ್ರದ ವಿಧಾನ) ಒಳಗೆ ಹುಡುಕುತ್ತಿದ್ದೆ. ಅದು ಇದ್ದದ್ದು ಅದಕ್ಕಿಂತ ಎಷ್ಟೋ ಮೊದಲು, ಯಾವ ಕ್ಷಣದಲ್ಲಿ ಯಾವ ಹತ್ತು ಜನ ಅಂಕಣದಲ್ಲಿದ್ದರು ಎಂದು ಗುರುತಿಸುವ ಹಂತದಲ್ಲಿ. ಈ ತಪ್ಪಿನಿಂದಾಗಿ ಲೆಕ್ಕದಿಂದ ಜಾರಿಹೋಗುತ್ತಿದ್ದವರು ಯಾರೆಂದು ನೋಡಿದರೆ, ಯಾರನ್ನು ಹುಡುಕಲೆಂದು ಈ ಕೆಲಸ ಕೈಗೆತ್ತಿಕೊಂಡಿದ್ದೆನೋ ಅವರೇ ಆಗಿದ್ದರು: ಚೆಂಡನ್ನು ಹೆಚ್ಚು ಮುಟ್ಟದೆ, ಸ್ಕ್ರೀನ್ ಹಾಕಿ (ಜೊತೆಗಾರನ ಬೆನ್ನಟ್ಟುವ ರಕ್ಷಕನಿಗೆ ಅಡ್ಡ ನಿಂತು), ಎದುರಾಳಿಯನ್ನು ಬಾಕ್ಸ್ ಔಟ್ ಮಾಡಿ (ಬುಟ್ಟಿಯತ್ತ ಬಾರದಂತೆ ಮೈಯಿಂದ ತಡೆದು), ರೀಬೌಂಡನ್ನು, ಅಂದರೆ ತಪ್ಪಿದ ಶಾಟ್‌ನ ಚೆಂಡನ್ನು, ಜೊತೆಗಾರನಿಗೆ ಬಿಟ್ಟುಕೊಡುವ ಪವರ್ ಫಾರ್ವರ್ಡ್‌ಗಳು (ಬುಟ್ಟಿಯ ಹತ್ತಿರ ಆಡುವ ದೊಡ್ಡ ಮೈಕಟ್ಟಿನ ಫಾರ್ವರ್ಡ್‌ಗಳು).

ಡೇಟಾ ಇಳಿಸಿಕೊಳ್ಳುವುದು, ಪೊಸೆಷನ್‌ಗಳಾಗಿ (ಒಂದು ತಂಡದ ಕೈಯಲ್ಲಿ ಚೆಂಡಿರುವ ಸರದಿಗಳಾಗಿ) ಕತ್ತರಿಸುವುದು, ಲ್ಯಾಂಬ್ಡಾವನ್ನು (ಸೊನ್ನೆಯ ಕಡೆಗಿನ ಎಳೆತ ಎಷ್ಟಿರಬೇಕೆಂಬ ಸಂಖ್ಯೆ) ಕ್ರಾಸ್ ವ್ಯಾಲಿಡೇಷನ್‌ನಿಂದ (ದಾಖಲೆಯ ಒಂದು ಭಾಗವನ್ನು ಬದಿಗಿಟ್ಟು ಪರೀಕ್ಷಿಸಿ) ಆರಿಸುವುದು, ಇವೆಲ್ಲ ಈ ಹವ್ಯಾಸದವರಿಗೆ ಗೊತ್ತಿರುವ ಕೆಲಸಗಳಾದ್ದರಿಂದ ಬಿಟ್ಟುಬಿಡುತ್ತೇನೆ. ನನ್ನ ಬಳಿ ಇರುವುದು ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ 2010-11ರಿಂದ 2014-15ರವರೆಗಿನ ಐದು ಸೀಸನ್‌ಗಳ ಪ್ಲೇ-ಬೈ-ಪ್ಲೇ ದಾಖಲೆ, ಅಂದರೆ ಪಂದ್ಯದ ಪ್ರತಿ ಘಟನೆಯನ್ನೂ ಸಾಲಾಗಿ ಬರೆದ ದಾಖಲೆ. ರೆಗ್ಯುಲರ್ ಸೀಸನ್‌ನ ಪಂದ್ಯಗಳು ಮಾತ್ರ. ಲಾಕ್‌ಔಟ್‌ನಿಂದಾಗಿ 2011-12ರಲ್ಲಿ ಪ್ರತಿ ತಂಡ 66 ಪಂದ್ಯಗಳನ್ನಷ್ಟೇ ಆಡಿದ್ದನ್ನು ಲೆಕ್ಕಕ್ಕೆ ಹಿಡಿದರೆ ಒಟ್ಟು 5,910 ಪಂದ್ಯಗಳಿರಬೇಕಿತ್ತು, ಕಡತದಲ್ಲಿದ್ದದ್ದು 5,909. ಡೇಟಾ ಮಾರಿದವರಿಗೆ ಖಾರವಾದ ಪತ್ರವೊಂದನ್ನು ಬರೆಯಲು ಕುಳಿತವನಿಗೆ, 2013ರ ಏಪ್ರಿಲ್ 16ರಂದು ಬಾಸ್ಟನ್‌ನಲ್ಲಿ ನಡೆಯಬೇಕಿದ್ದ ಸೆಲ್ಟಿಕ್ಸ್ ಮತ್ತು ಪೇಸರ್ಸ್ ನಡುವಿನ ಪಂದ್ಯ ಹಿಂದಿನ ದಿನದ ಮ್ಯಾರಥಾನ್ ಬಾಂಬ್ ಸ್ಫೋಟದ ಕಾರಣ ರದ್ದಾಗಿ ಮತ್ತೆ ನಡೆಯಲೇ ಇಲ್ಲ ಎಂಬುದು ನೆನಪಾಯಿತು. ಆ ಒಂದು ವಿಷಯದಲ್ಲಿ ಮಾತ್ರ ಅವರ ತಪ್ಪಿರಲಿಲ್ಲ.

ಮಾದರಿ ಸರಿಯಾಗಿದೆಯೇ ಎಂದು ತಿಳಿಯಲು ನಾನು ಇಟ್ಟುಕೊಂಡಿರುವ ಪರೀಕ್ಷೆ 2013ರ ಬೇಸಿಗೆಯದು. ಅಟ್ಲಾಂಟಾ ಹಾಕ್ಸ್ ತಂಡದ ಪವರ್ ಫಾರ್ವರ್ಡ್ ಜಾಶ್ ಸ್ಮಿತ್ ಹಿಂದಿನ ಸೀಸನ್‌ನಲ್ಲಿ ಪಂದ್ಯಕ್ಕೆ 17.5 ಅಂಕ, 8.4 ರೀಬೌಂಡ್ ಗಳಿಸಿದ್ದರು. ಡೆಟ್ರಾಯಿಟ್ ತಂಡ ಅವರನ್ನು ನಾಲ್ಕು ವರ್ಷಕ್ಕೆ 5.4 ಕೋಟಿ ಡಾಲರ್ ಕೊಟ್ಟು ಕರೆದುಕೊಂಡಿತು. ತೆರವಾದ ಜಾಗಕ್ಕೆ ಅಟ್ಲಾಂಟಾ ತಂದದ್ದು ಯೂಟಾದಲ್ಲಿ 14.6 ಅಂಕ, 7.1 ರೀಬೌಂಡ್ ಸರಾಸರಿಯಿದ್ದ ಪಾಲ್ ಮಿಲ್‌ಸ್ಯಾಪ್ ಅವರನ್ನು, ಎರಡು ವರ್ಷಕ್ಕೆ 1.9 ಕೋಟಿ ಡಾಲರ್‌ಗೆ. ಡೆಟ್ರಾಯಿಟ್ 2014ರ ಡಿಸೆಂಬರ್‌ನಲ್ಲಿ ಸ್ಮಿತ್ ಅವರನ್ನು ತಂಡದಿಂದಲೇ ಬಿಟ್ಟುಕೊಟ್ಟಿತು. ಅದೇ ಸೀಸನ್‌ನಲ್ಲಿ ಅಟ್ಲಾಂಟಾ 60 ಪಂದ್ಯ ಗೆದ್ದಿತು, ಮಿಲ್‌ಸ್ಯಾಪ್ 2014ರಿಂದ 2017ರವರೆಗೆ ಸತತ ನಾಲ್ಕು ಸಲ ಆಲ್ ಸ್ಟಾರ್ ಆದರು. ಒಂದೇ ಬೇಸಿಗೆ, ಒಂದೇ ಸ್ಥಾನ, ಒಂದೇ ತಂಡದ ಬಾಗಿಲಿನಿಂದ ಒಬ್ಬರು ಹೊರಗೆ, ಇನ್ನೊಬ್ಬರು ಒಳಗೆ. ಇಷ್ಟು ಅಚ್ಚುಕಟ್ಟಾದ ಪರೀಕ್ಷೆಯನ್ನು ನಾವೇ ಕುಳಿತು ರೂಪಿಸಿದರೂ ಸಿಗುವುದು ಕಷ್ಟ. 2013ರ ಜೂನ್‌ವರೆಗಿನ ದಾಖಲೆಯನ್ನಷ್ಟೇ ಕೊಟ್ಟರೆ ನನ್ನ ಮಾದರಿ ಡಾಲರ್ ಲೆಕ್ಕದಲ್ಲಿ ಮಿಲ್‌ಸ್ಯಾಪ್ ಅವರನ್ನು ಸ್ಮಿತ್‌ಗಿಂತ ಮೇಲಿಡಬೇಕು ಎಂಬುದು ನನ್ನ ಷರತ್ತು, ಮತ್ತು ಅದು ಮೊದಲಿನಿಂದಲೂ ಹಾಗೆಯೇ ಇಡುತ್ತಿತ್ತು.

ಅನುಮಾನ ಹುಟ್ಟಿದ್ದು ನಿಕ್ ಕಾಲಿಸನ್ ಅವರಿಂದ. ಯಾವ ಸೀಸನ್‌ನಲ್ಲೂ ಪಂದ್ಯಕ್ಕೆ ಸರಾಸರಿ 10 ಅಂಕ ಮುಟ್ಟದ ಈ ಆಟಗಾರನ ನಾಲ್ಕನೇ ನಂಬರಿನ ಜರ್ಸಿಯನ್ನು ಒಕ್ಲಹೋಮಾ ಸಿಟಿ 2019ರಲ್ಲಿ ಗೌರವಪೂರ್ವಕವಾಗಿ ನಿವೃತ್ತಿಗೊಳಿಸಿತು. ಪ್ಲಸ್-ಮೈನಸ್ (ಆಟಗಾರ ಅಂಕಣದಲ್ಲಿದ್ದಾಗ ಎರಡು ತಂಡಗಳ ಅಂಕಗಳ ಅಂತರ) ಲೆಕ್ಕ ಮಾಡುವ ಯಾರನ್ನು ಕೇಳಿದರೂ ಅವರ ಹೆಸರು ಮೊದಲು ಬರುತ್ತದೆ. ಅವರು ಅಂಕಣದಲ್ಲಿದ್ದಾಗ ತಂಡ ಚೆನ್ನಾಗಿ ಆಡುತ್ತಿತ್ತು, ಆದರೆ ಬಾಕ್ಸ್ ಸ್ಕೋರ್ (ಒಬ್ಬೊಬ್ಬರ ಅಂಕ, ರೀಬೌಂಡ್, ನಿಮಿಷಗಳ ಪಟ್ಟಿ) ನೋಡಿದರೆ ಕಾರಣ ತಿಳಿಯುತ್ತಿರಲಿಲ್ಲ. ನನ್ನ ಪಟ್ಟಿಯಲ್ಲಿ ಮಾತ್ರ ಅವರು ಸರಾಸರಿಯ ಆಸುಪಾಸಿನಲ್ಲಿ ಕುಳಿತಿದ್ದರು. ಲ್ಯಾಂಬ್ಡಾ ಜಾಸ್ತಿಯಾಯಿತೆಂದು ಇಳಿಸಿದೆ. ಆಗ ಇಡೀ ಸೀಸನ್‌ನಲ್ಲಿ ನೂರು ನಿಮಿಷವನ್ನೂ ಆಡದವರು ಮೇಲೆ ತೇಲಿ ಬಂದರು. ಏರಿಸಿದೆ, ಎಲ್ಲರೂ ಸೊನ್ನೆಯ ಸುತ್ತ ಗುಂಪುಗೂಡಿದರು. ಎರಡು ವಾರ ಹೀಗೆಯೇ ಕಳೆದವು.

ಈಗ ಮೂಲ ಸಮಸ್ಯೆಗೆ ಬರುತ್ತೇನೆ. ಕ್ವಾರ್ಟರ್ ನಡುವೆ ಆಗುವ ಬದಲಾವಣೆ ದಾಖಲೆಯಲ್ಲಿರುತ್ತದೆ, ಆದರೆ ಎರಡು ಕ್ವಾರ್ಟರ್‌ಗಳ ನಡುವಿನ ಬಿಡುವಿನಲ್ಲಿ ಆಗುವ ಬದಲಾವಣೆ ಇರುವುದಿಲ್ಲ. ಹಾಗಾಗಿ ಪ್ರತಿ ಕ್ವಾರ್ಟರ್ ಯಾವ ಐವರಿಂದ ಆರಂಭವಾಯಿತು ಎಂಬುದನ್ನು ನಾವೇ ಊಹಿಸಬೇಕು. ಎಲ್ಲರೂ ಬಳಸುವ ನಿಯಮವನ್ನೇ ನಾನೂ ಬಳಸಿದ್ದೆ: ಒಳಗೆ ಬಂದ ದಾಖಲೆಯಿಲ್ಲದೆ ಯಾರ ಹೆಸರು ಶಾಟ್, ಫೌಲ್, ರೀಬೌಂಡ್, ಅಸಿಸ್ಟ್ ಇತ್ಯಾದಿಗಳಲ್ಲಿ ಕಾಣಿಸುತ್ತದೆಯೋ, ಅಥವಾ ಯಾರು ಹೊರಗೆ ಹೋದರೆಂದು ದಾಖಲಾಗುತ್ತದೆಯೋ ಅವರು ಆರಂಭದಿಂದಲೂ ಅಂಕಣದಲ್ಲಿದ್ದರು. ಈ ನಿಯಮ ಕೈಕೊಡುವುದು ಒಬ್ಬ ಆಟಗಾರ ಪೂರ್ತಿ ಅವಧಿ ಆಡಿಯೂ ಒಮ್ಮೆಯೂ ಹೆಸರು ದಾಖಲಾಗದಿದ್ದಾಗ. 12 ನಿಮಿಷದ ಕ್ವಾರ್ಟರ್‌ನಲ್ಲಿ ಅದು ಅಪರೂಪ. ಪಂದ್ಯ ಸಮವಾದಾಗ ಆಡಿಸುವ 5 ನಿಮಿಷದ ಓವರ್‌ಟೈಮ್‌ನಲ್ಲಿ ಅಷ್ಟೇನೂ ಅಪರೂಪವಲ್ಲ.

ನಿನ್ನೆ ರಾತ್ರಿ ಸಾಲು ಸಾಲಾಗಿ ಓದಿದ ಒಂದು ಓವರ್‌ಟೈಮ್ ಹೀಗಿತ್ತು. 5:00ಕ್ಕೆ ಜಂಪ್ ಬಾಲ್ (ಆಟ ಆರಂಭಿಸಲು ರೆಫರಿ ಚೆಂಡನ್ನು ಮೇಲೆಸೆಯುವುದು). ಪಾಯಿಂಟ್ ಗಾರ್ಡ್‌ನ ಶಾಟ್ ತಪ್ಪುತ್ತದೆ, ಸೆಂಟರ್‌ಗೆ ರೀಬೌಂಡ್ ಸಿಗುತ್ತದೆ, ಇನ್ನೊಬ್ಬ ಗಾರ್ಡ್ ಮೂಲೆಯಿಂದ ಮೂರು ಅಂಕ ಹೊಡೆಯುತ್ತಾನೆ, ಸ್ಮಾಲ್ ಫಾರ್ವರ್ಡ್ ಫೌಲ್ ಮಾಡುತ್ತಾನೆ. 2:41ಕ್ಕೆ ಅದೇ ತಂಡದ ಒಬ್ಬ ಆಟಗಾರನಿಗೆ ಟೆಕ್ನಿಕಲ್ ಫೌಲ್ (ದುರ್ವರ್ತನೆಗೆ ಬೀಳುವ ಫೌಲ್). ಕೊನೆಯವರೆಗೂ ಬದಲಾವಣೆಯಿಲ್ಲ. ನಾಲ್ಕು ಹೆಸರು ಆಟದಿಂದ, ಒಂದು ಹೆಸರು ಟೆಕ್ನಿಕಲ್‌ನಿಂದ, ಒಟ್ಟು ಐದು. ನನ್ನ ಕೋಡ್ ತೃಪ್ತಿಯಿಂದ ಮುಂದೆ ಹೋಗಿತ್ತು. ಆದರೆ ಟೆಕ್ನಿಕಲ್ ಬಿದ್ದದ್ದು ಬೆಂಚಿನ ಮೇಲೆ ಕುಳಿತು ರೆಫರಿಯ ಮೇಲೆ ಕೂಗಾಡಿದವನಿಗೆ. ನಿಜವಾದ ಐದನೆಯವನು, ಐದೂ ನಿಮಿಷ ಅಂಕಣದಲ್ಲಿದ್ದ ಪವರ್ ಫಾರ್ವರ್ಡ್, ದಾಖಲೆಯಲ್ಲಿ ಎಲ್ಲಿಯೂ ಇರಲಿಲ್ಲ. ಪಂದ್ಯದ ಅತ್ಯಂತ ಬಿಗಿಯಾದ ಐದು ನಿಮಿಷಗಳಿಗೆ ಕೋಚ್ ನಂಬಿ ಕಳುಹಿಸಿದ ಆಟಗಾರನನ್ನು ಅಳಿಸಿ, ಕೂಗಾಡಿದವನಿಗೆ ನಾನು ಶ್ರೇಯಸ್ಸು ಕೊಡುತ್ತಿದ್ದೆ.

ಇದು ಇಷ್ಟು ದಿನ ಗೊತ್ತಾಗದಿರಲು ಕಾರಣ ನನ್ನ ತಪಾಸಣೆಯ ಕ್ರಮ. ಒಂದು ಓವರ್‌ಟೈಮ್ ಇರುವ ಪಂದ್ಯದಲ್ಲಿ ತಂಡದ ಆಟಗಾರರ ನಿಮಿಷಗಳೆಲ್ಲ ಸೇರಿ 265 ಆಗಬೇಕು: ಐದು ಜನ, 48 ನಿಮಿಷ, ಜೊತೆಗೆ ಐವರ ಐದೈದು ನಿಮಿಷ. ತಪ್ಪು ಮನುಷ್ಯ ಸರಿಯಾದ ಜಾಗದಲ್ಲಿ ನಿಂತರೂ ಮೊತ್ತ 265ಕ್ಕೇ ಬರುತ್ತದೆ. ಮೊತ್ತವನ್ನು ಬಿಟ್ಟು ಒಬ್ಬೊಬ್ಬರ ನಿಮಿಷವನ್ನೂ ಬಾಕ್ಸ್ ಸ್ಕೋರ್‌ನ ನಿಮಿಷದೊಂದಿಗೆ ಹೋಲಿಸಿದ ಕ್ಷಣದಲ್ಲಿ ಎರಡು ಸಾಲುಗಳು ಎದ್ದು ಕಂಡವು. ಒಬ್ಬನ ಮುಂದೆ 5:00 ಹೆಚ್ಚು, ಇನ್ನೊಬ್ಬನ ಮುಂದೆ 5:00 ಕಡಿಮೆ. ಆ ಜೋಡಿಯನ್ನು ಕಂಡಾಗ ಆದ ಸಂತೋಷವನ್ನು ಈ ಕೆಲಸ ಮಾಡುವವರಿಗೆ ವಿವರಿಸಬೇಕಾಗಿಲ್ಲ.

ಬೆಂಚಿನವರ ಟೆಕ್ನಿಕಲ್ ಇಲ್ಲದ ಕಡೆಗಳಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟದಾಗಿತ್ತು. ನಾಲ್ಕೇ ಹೆಸರು ಸಿಕ್ಕರೆ ಇಡೀ ಅವಧಿಯನ್ನು ಕೈಬಿಡುವಂತೆ ನಾನೇ ಬರೆದಿದ್ದೆ. ಅವಧಿ ಬಿಟ್ಟುಹೋದರೆ ಹತ್ತೂ ಜನರ ಪೊಸೆಷನ್‌ಗಳು ಹೋಗುತ್ತವೆ ನಿಜ. ಆದರೆ ಉಳಿದವರು ಬೇರೆ ಬೇರೆ ಪಂದ್ಯಗಳಲ್ಲಿ ಹಂಚಿಹೋಗುತ್ತಾರೆ, ಸದ್ದಿಲ್ಲದೆ ಆಡುವವನು ಮಾತ್ರ ಪ್ರತಿ ಸಲವೂ ಬಿಟ್ಟುಹೋದ ಭಾಗದಲ್ಲೇ ಇರುತ್ತಾನೆ. ರಿಡ್ಜ್‌ನಲ್ಲಿ ಪೊಸೆಷನ್ ಕಡಿಮೆಯಾದಷ್ಟೂ ಆಟಗಾರನ ಅಂದಾಜು ಸೊನ್ನೆಯ ಕಡೆಗೆ ಎಳೆಯಲ್ಪಡುತ್ತದೆ. ಹೀಗೆ ಅವನ ಮೌನವೇ ಅವನನ್ನು ಸಾಧಾರಣ ಆಟಗಾರನನ್ನಾಗಿ ತೋರಿಸುತ್ತಿತ್ತು.

ಪರಿಹಾರ ಸರಳ. ಟೆಕ್ನಿಕಲ್ ಫೌಲನ್ನು ಅಂಕಣದಲ್ಲಿದ್ದದ್ದಕ್ಕೆ ಸಾಕ್ಷಿಯೆಂದು ಈಗ ಒಪ್ಪುವುದಿಲ್ಲ. ಐದನೆಯ ಹೆಸರು ಸಿಗದಿದ್ದರೆ, ಆ ಪಂದ್ಯದಲ್ಲಿ ಆಡಿದ ಉಳಿದವರಲ್ಲಿ ಯಾರನ್ನು ಸೇರಿಸಿದರೆ ಎಲ್ಲರ ನಿಮಿಷವೂ ಬಾಕ್ಸ್ ಸ್ಕೋರ್‌ಗೆ ಹೊಂದುತ್ತದೆಯೋ ಅವರನ್ನು ಸೇರಿಸುತ್ತೇನೆ. ಒಂದೇ ಪಂದ್ಯದಲ್ಲಿ ಒಂದೇ ತಂಡದ ಎರಡು ಓವರ್‌ಟೈಮ್‌ಗಳಲ್ಲಿ ಐದನೆಯವರು ಕಾಣೆಯಾಗಿದ್ದರೆ ಮಾತ್ರ ಯಾರು ಯಾವುದರಲ್ಲಿದ್ದರು ಎಂದು ನಿಮಿಷಗಳಿಂದ ಹೇಳಲಾಗದು. ಅಂಥ ಪಂದ್ಯಗಳು ಬೆರಳೆಣಿಕೆಯಷ್ಟು ಉಳಿದಿವೆ.

ಇದೇ ಹುರುಪಿನಲ್ಲಿ ಫ್ರೀ ಥ್ರೋಗಳನ್ನೂ (ಫೌಲ್‌ಗೆ ಪ್ರತಿಯಾಗಿ ಸಿಗುವ, ಯಾರೂ ತಡೆಯದ ಎಸೆತಗಳು) ಸರಿಪಡಿಸಿದೆ. ಮೊದಲ ಮತ್ತು ಎರಡನೆಯ ಫ್ರೀ ಥ್ರೋ ನಡುವೆ ಬದಲಿ ಆಟಗಾರ ಒಳಗೆ ಬಂದರೆ, ಎರಡನೆಯ ಅಂಕ ಅವನಿದ್ದಾಗ ಬಿತ್ತೆಂದು ಲೆಕ್ಕವಾಗುತ್ತಿತ್ತು. ಫೌಲ್ ನಡೆದಾಗ ಅವನು ಇನ್ನೂ ಬೆಂಚಿನಲ್ಲಿದ್ದ. ಈಗ ಫೌಲ್ ಆದ ಕ್ಷಣದಲ್ಲಿ ಅಂಕಣದಲ್ಲಿದ್ದವರ ಖಾತೆಗೇ ಎಲ್ಲ ಫ್ರೀ ಥ್ರೋಗಳೂ ಹೋಗುತ್ತವೆ. ಓವರ್‌ಟೈಮ್‌ಗಿಂತ ಬಹಳ ಹೆಚ್ಚು ಸಲ ನಡೆಯುವ ಘಟನೆಯಾದ್ದರಿಂದ, ಬದಲಿಯಾಗಿ ಬರುವ ಪವರ್ ಫಾರ್ವರ್ಡ್‌ಗಳ ಡಿಫೆನ್ಸ್ ಅಂಕಿಯನ್ನು ಹೆಚ್ಚು ಕದಲಿಸಿದ್ದು ಈ ತಿದ್ದುಪಡಿಯೇ.

ಡೇಟಾ ಮಾರುವವರ ಬಗ್ಗೆ ನನ್ನ ಅಸಮಾಧಾನವನ್ನು ಇಲ್ಲಿ ದಾಖಲಿಸಲೇಬೇಕು. ಕೋಚ್‌ಗೆ ಬಿದ್ದ ಟೆಕ್ನಿಕಲ್ ಮತ್ತು ಆಟಗಾರನಿಗೆ ಬಿದ್ದ ಟೆಕ್ನಿಕಲ್ ಅವರ ಕಡತದಲ್ಲಿ ಒಂದೇ ಕಾಲಂನಲ್ಲಿವೆ. ಎರಡು ಸೀಸನ್‌ಗಳಲ್ಲಿ ಆಟಗಾರರ ಸಂಖ್ಯೆಯ ಬದಲು ಹೆಸರಿನ ಮೊದಲಕ್ಷರ ಮತ್ತು ಉಪನಾಮವನ್ನಷ್ಟೇ ಕೊಟ್ಟಿದ್ದಾರೆ. ಅವಳಿ ಸಹೋದರರಾದ ಮಾರ್ಕೀಫ್ ಮಾರಿಸ್ ಮತ್ತು ಮಾರ್ಕಸ್ ಮಾರಿಸ್, 2011ರ ಡ್ರಾಫ್ಟ್‌ನಲ್ಲಿ (ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ಪ್ರಕ್ರಿಯೆ) 13 ಮತ್ತು 14ನೆಯವರಾಗಿ ಆಯ್ಕೆಯಾದವರು, 2013ರ ಫೆಬ್ರುವರಿಯಿಂದ 2015ರ ಬೇಸಿಗೆಯವರೆಗೆ ಫೀನಿಕ್ಸ್‌ನಲ್ಲಿ ಒಟ್ಟಿಗೇ ಆಡಿದರು. ಇಬ್ಬರೂ ಫಾರ್ವರ್ಡ್‌ಗಳು, ಇಬ್ಬರೂ ಕಡತದಲ್ಲಿ ‘ಎಂ. ಮಾರಿಸ್’. ಹಣ ಪಡೆದು ಮಾರುವ ದಾಖಲೆಯಲ್ಲಿ ಇಂಥದ್ದು ಇರಬಾರದು. ಮೂರು ಪತ್ರ ಬರೆದಿದ್ದೇನೆ. ಮೂರಕ್ಕೂ ‘ನಿಮ್ಮ ವಿನಂತಿಯನ್ನು ಸ್ವೀಕರಿಸಲಾಗಿದೆ’ ಎಂಬ ಒಂದೇ ಉತ್ತರ ಬಂದಿದೆ. ಸದ್ಯಕ್ಕೆ ಬದಲಾವಣೆಯ ಸಾಲುಗಳು ಮತ್ತು ಬಾಕ್ಸ್ ಸ್ಕೋರ್‌ನ ನಿಮಿಷಗಳಿಂದಲೇ ಈ ಸಹೋದರರನ್ನು ಬೇರ್ಪಡಿಸುತ್ತಿದ್ದೇನೆ.

ಈ ನಡುವೆ ಮುಂದಿನ ಕೆಲಸ ತಲೆಯಲ್ಲಿ ಆಗಲೇ ಮೊಳಕೆಯೊಡೆದಿದೆ. ಎನ್‌ಬಿಎ 2016ರಿಂದ ಸ್ಕ್ರೀನ್ ಅಸಿಸ್ಟ್ ಎಂಬ ಲೆಕ್ಕವನ್ನು ಪ್ರಕಟಿಸುತ್ತಿದೆ, ಆದರೆ ಸ್ಕ್ರೀನ್‌ನ ನಂತರದ ಶಾಟ್ ಬುಟ್ಟಿಗೆ ಬಿದ್ದರೆ ಮಾತ್ರ ಅದು ಎಣಿಕೆಗೆ ಬರುತ್ತದೆ. ಗಾರ್ಡ್‌ನನ್ನು ಪೂರ್ತಿ ಬಿಡಿಸಿಕೊಟ್ಟ ಸ್ಕ್ರೀನ್, ಗಾರ್ಡ್‌ನ ಕೈ ಆ ದಿನ ಸರಿಯಿಲ್ಲದಿದ್ದರೆ, ಸೊನ್ನೆಯಾಗುತ್ತದೆ. ಒಂದೇ ತಂಡದ ಹತ್ತು ಪಂದ್ಯಗಳ ವಿಡಿಯೊ ನೋಡಿ, ಶಾಟ್ ಬಿದ್ದರೂ ಬೀಳದಿದ್ದರೂ ಪ್ರತಿಯೊಂದು ಸ್ಕ್ರೀನನ್ನೂ, ಅದರಿಂದ ರಕ್ಷಕ ಎಷ್ಟು ಹೆಜ್ಜೆ ಹಿಂದೆ ಬಿದ್ದ ಎಂಬುದನ್ನೂ ಕೈಯಾರೆ ಗುರುತಿಸಬೇಕೆಂದಿದ್ದೇನೆ. ಬಾಕ್ಸ್ ಔಟ್‌ಗೂ ಇದೇ ಕ್ರಮ ಅನ್ವಯಿಸಬಹುದು. ಜೊತೆಗಾರನಿಗೆ ರೀಬೌಂಡ್ ಸಿಗುವಂತೆ ದಾರಿ ಅಡ್ಡಗಟ್ಟಿದವನಿಗೆ ಎಷ್ಟು ಪಾಲು ಸಲ್ಲಬೇಕು ಎಂಬುದು ನನಗೆ ಬಹಳ ದಿನಗಳಿಂದ ಇರುವ ಪ್ರಶ್ನೆ.

ಸರಿಪಡಿಸಿದ ದಾಖಲೆಯ ಮೇಲೆ ಮಾದರಿಯನ್ನು ಬೆಳಗಿನ ಜಾವ ಮತ್ತೆ ಓಡಿಸಿದೆ. ಪಟ್ಟಿಯ ಮೇಲ್ಭಾಗ ಅಷ್ಟಾಗಿ ಕದಲಲಿಲ್ಲ. ಚೆಂಡು ಸದಾ ಕೈಯಲ್ಲಿರುವವರ ಹೆಸರು ಹೇಗೂ ಎಲ್ಲ ಸಾಲುಗಳಲ್ಲೂ ಇರುತ್ತದೆ. ಮಿಲ್‌ಸ್ಯಾಪ್ ಈಗಲೂ ಸ್ಮಿತ್‌ಗಿಂತ ಮೇಲಿದ್ದಾರೆ. ಕಾಲಿಸನ್ ಸ್ಪಷ್ಟವಾಗಿ ಮೇಲೆ ಬಂದರು, ಇತರರು ತಮ್ಮ ಲೆಕ್ಕದಲ್ಲಿ ಇಡುವಷ್ಟು ಮೇಲಲ್ಲ. ಮಧ್ಯದಲ್ಲಿ, ಸಂಬಳ ಕಡಿಮೆಯಿರುವ ಪವರ್ ಫಾರ್ವರ್ಡ್‌ಗಳ ಸಾಲಿನಲ್ಲಿ, ಕ್ರಮ ಸಾಕಷ್ಟು ಅದಲುಬದಲಾಗಿದೆ, ಮತ್ತು ನನಗೆ ಬೇಕಾಗಿದ್ದದ್ದು ಆ ಸಾಲೇ. 2012ರ ಡ್ರಾಫ್ಟ್‌ನಲ್ಲಿ 35ನೆಯವರಾಗಿ ಆಯ್ಕೆಯಾಗಿ, ಡೇವಿಡ್ ಲೀ ಗಾಯಗೊಂಡಾಗ 2014-15ರಲ್ಲಿ ಆರಂಭಿಕ ಐವರಲ್ಲಿ ಸ್ಥಾನ ಪಡೆದು, ಅದೇ ಸೀಸನ್‌ನಲ್ಲಿ ಗೋಲ್ಡನ್ ಸ್ಟೇಟ್ ಚಾಂಪಿಯನ್ ಆದಾಗ ಜೊತೆಗಿದ್ದ ಡ್ರೇಮಂಡ್ ಗ್ರೀನ್ ಅವರನ್ನು, 2014ರ ಜೂನ್‌ವರೆಗಿನ ದಾಖಲೆಯಿಂದಲೇ ಗುರುತಿಸಬಹುದಿತ್ತೇ ಎಂಬುದು ನನ್ನ ಮುಂದಿನ ಪರೀಕ್ಷೆ.

ಅದಕ್ಕೂ ಮೊದಲು ಎರಡು ಓವರ್‌ಟೈಮ್‌ಗಳ ಆ ಪಂದ್ಯಗಳನ್ನು ವಿಡಿಯೊ ನೋಡಿ ಇತ್ಯರ್ಥ ಮಾಡಬೇಕು. ಮೊದಲನೆಯದರ ವಿಡಿಯೊ ಸಿಕ್ಕಿದೆ. ಜಂಪ್ ಬಾಲ್‌ಗೆ ಮುಂಚೆ ಕ್ಯಾಮೆರಾ ಹತ್ತೂ ಜನರ ಮೇಲೆ ಒಮ್ಮೆ ಹಾದುಹೋಗುತ್ತದೆ. ಅಲ್ಲಿ ನಿಲ್ಲಿಸಿ, ಜರ್ಸಿಯ ನಂಬರುಗಳನ್ನು ಇಂದು ರಾತ್ರಿ ಬರೆದುಕೊಳ್ಳುತ್ತೇನೆ.