‘ಬೇಡ’ ಎನ್ನಲು ಜಾಗವಿಲ್ಲದ ಕಾಗದ

2019ರ ಏಪ್ರಿಲ್ 18, ಗುರುವಾರ. ತಿಪಟೂರಿನಲ್ಲಿ ಅಪ್ಪ ಬೆಳಿಗ್ಗೆ ಏಳಕ್ಕೇ ಸಾಲಿನಲ್ಲಿ ನಿಂತು ಲೋಕಸಭೆಗೆ ಮತ ಹಾಕಿ, ಶಾಯಿ ಹಚ್ಚಿದ ಬೆರಳಿನ ಫೋಟೊ ಕಳಿಸಿದ್ದರು. ಇಂಗ್ಲೆಂಡಿನ ಪೀಟರ್‌ಬರೋದಲ್ಲಿ ನಾನು ಎದ್ದು ಮೊಬೈಲ್ ನೋಡುವ ಹೊತ್ತಿಗೆ ಅವರು ಊಟ ಮುಗಿಸಿ ಮಲಗಿರಬೇಕು. ಅಂದು ನಾನೂ ಅರ್ಧ ದಿನ ರಜೆ ಹಾಕಿದ್ದೆ. ಅವರು ಒಬ್ಬರನ್ನು ಸಂಸತ್ತಿಗೆ ಕಳಿಸಲು ಹೋಗಿ ಬಂದಿದ್ದರು, ನಾನು ಒಬ್ಬರನ್ನು ಅಲ್ಲಿಂದ ವಾಪಸ್ ಕರೆಸಿಕೊಳ್ಳಲು ಹೊರಟಿದ್ದೆ.

ನನ್ನ ಪಾಸ್‌ಪೋರ್ಟ್ ಭಾರತದ್ದೇ. ಆದರೂ ಬ್ರಿಟನ್ನಿನಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ ಅಲ್ಲಿನ ಸಂಸತ್ ಚುನಾವಣೆಯಲ್ಲಿ ಮತವಿದೆ. ಇದನ್ನು ನಂಬದ ಕನ್ನಡಿಗರು ಆ ಊರಿನಲ್ಲಿಯೇ ನನಗೆ ನಾಲ್ಕೈದು ಮಂದಿ ಸಿಕ್ಕಿದ್ದರು. ತಿಪಟೂರಿನಲ್ಲಿ ಮತ ಹಾಕಬೇಕಾದರೆ ನಾನು ವಿಮಾನ ಹತ್ತಿ ಹೋಗಬೇಕು. ಇಲ್ಲಿ ಇಪ್ಪತ್ತು ನಿಮಿಷ ನಡೆದರೆ ಸಾಕು. ಮಾರ್ಚ್ ತಿಂಗಳಲ್ಲಿ ಮನೆಗೊಂದು ಪತ್ರ ಬಂತು. ನಿಮ್ಮ ಕ್ಷೇತ್ರದ ಸಂಸದರ ವಿರುದ್ಧ ಮರುಕರೆ ಅರ್ಜಿ ತೆರೆದಿದೆ, ಮೇ 1ರವರೆಗೆ ಸಹಿ ಹಾಕಬಹುದು, ನಿಮಗೆ ಗೊತ್ತುಮಾಡಿದ ಜಾಗ ಇದು ಎಂದು ಅದರಲ್ಲಿತ್ತು.

ಸಂಸದೆಯ ಹೆಸರು ಫಿಯೋನಾ ಒನಸಾನ್ಯ. 2017ರ ಚುನಾವಣೆಯಲ್ಲಿ ಲೇಬರ್ ಪಕ್ಷದಿಂದ ನಿಂತು 607 ಮತಗಳಿಂದ ಗೆದ್ದವರು, ವೃತ್ತಿಯಲ್ಲಿ ವಕೀಲೆ. ಗೆದ್ದು ಎರಡು ತಿಂಗಳೂ ತುಂಬಿರಲಿಲ್ಲ. ಜುಲೈ 24ರ ರಾತ್ರಿ ಊರಿನ ಪೂರ್ವಕ್ಕಿರುವ ಥಾರ್ನಿ ಎಂಬ ಹಳ್ಳಿಯಲ್ಲಿ, ಗಂಟೆಗೆ 30 ಮೈಲಿ ಮಿತಿಯ ರಸ್ತೆಯಲ್ಲಿ, ಅವರ ಕಾರು 41 ಮೈಲಿ ವೇಗದಲ್ಲಿ ಕ್ಯಾಮೆರಾಕ್ಕೆ ಸಿಕ್ಕಿಬಿತ್ತು. ಅಲ್ಲಿ ಹೀಗಾದಾಗ ಕಾರಿನ ಮಾಲೀಕರಿಗೆ ಪೊಲೀಸರಿಂದ ಒಂದು ನಮೂನೆ ಬರುತ್ತದೆ: ಆ ಹೊತ್ತಿನಲ್ಲಿ ಕಾರು ಓಡಿಸುತ್ತಿದ್ದವರು ಯಾರು, ಬರೆದು ಸಹಿ ಹಾಕಿ ಕಳಿಸಿ. ಅವರ ನಮೂನೆಯಲ್ಲಿದ್ದುದು ಬೇರೊಬ್ಬರ ಹೆಸರು. ಆ ವ್ಯಕ್ತಿ ಅಂದು ತನ್ನ ತಂದೆತಾಯಿಯ ಜೊತೆ ರಷ್ಯಾದಲ್ಲಿದ್ದ ಎಂಬುದು ಆಮೇಲೆ ಗೊತ್ತಾಯಿತು. ಮೊದಲ ವಿಚಾರಣೆಯಲ್ಲಿ ಜ್ಯೂರಿಗೆ ಒಮ್ಮತಕ್ಕೆ ಬರಲಾಗಲಿಲ್ಲ. ಎರಡನೆಯದರಲ್ಲಿ, 2018ರ ಡಿಸೆಂಬರ್ 19ರಂದು, ನ್ಯಾಯದ ದಾರಿ ತಪ್ಪಿಸಿದ ಅಪರಾಧ ಸಾಬೀತಾಯಿತು. ಜನವರಿಯಲ್ಲಿ ಮೂರು ತಿಂಗಳ ಸೆರೆವಾಸ. ಇಂಥದೇ ಬೇರೆ ನಮೂನೆಗಳಲ್ಲಿಯೂ ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡ ಅವರ ಸಹೋದರನಿಗೆ ಹತ್ತು ತಿಂಗಳು.

ಇಲ್ಲಿ ನನ್ನದೊಂದು ಕಥೆ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದೆಲ್ಲ ಸುಳ್ಳಾಗುತ್ತದೆ. ಈ ಸುದ್ದಿ ಹೊರಬರುವುದಕ್ಕೂ ಮೊದಲೇ, 2018ರ ಚಳಿಗಾಲ ಮುಗಿಯುವ ಹೊತ್ತಿಗೆ, ಅದೇ ನಮೂನೆ ನನ್ನ ಮನೆಗೂ ಬಂದಿತ್ತು. 30ರ ರಸ್ತೆಯಲ್ಲಿ 36 ಮೈಲಿ. ಜೊತೆಗಿದ್ದ ಗೆಳೆಯನೊಬ್ಬ ಆಗಷ್ಟೇ ಮನೆ ಖಾಲಿ ಮಾಡಿ ಬೆಂಗಳೂರಿಗೆ ಮರಳಿದ್ದ. ‘ಅವನ ಹೆಸರು ಬರೆದು ಕಳಿಸಿ, ಹೇಗೂ ಅವನು ದೇಶದಲ್ಲೇ ಇಲ್ಲ, ಯಾರು ಹುಡುಕಿಕೊಂಡು ಹೋಗುತ್ತಾರೆ?’ ಎಂದು ಕಚೇರಿಯಲ್ಲಿ ಒಬ್ಬರು ಕ್ಯಾಂಟೀನ್ ಜ್ಞಾನ ದಯಪಾಲಿಸಿದರು. ನಾನು ನಕ್ಕೆ. ಆದರೆ ಎರಡು ರಾತ್ರಿ ಆ ನಮೂನೆ ಅಡುಗೆಮನೆಯ ಮೇಜಿನ ಮೇಲೆ ಬಿದ್ದಿತ್ತು, ಪೆನ್ನು ಅದರ ಪಕ್ಕದಲ್ಲಿತ್ತು. ಮೂರನೆಯ ದಿನ ನನ್ನ ಹೆಸರನ್ನೇ ಬರೆದೆ. ಪ್ರಾಮಾಣಿಕತೆ ಉಕ್ಕಿ ಹರಿದದ್ದಲ್ಲ. ಗೆಳೆಯನ ಬೆಂಗಳೂರಿನ ವಿಳಾಸದ ಪಿನ್‌ಕೋಡ್ ನೆನಪಿಗೆ ಬರಲಿಲ್ಲ, ಅವನಿಗೆ ಫೋನು ಮಾಡಿ ಯಾಕೆಂದು ಹೇಳಲು ನಾಚಿಕೆಯಾಯಿತು. ದಂಡಕ್ಕೆ ಬದಲಾಗಿ ಒಂದು ಹೋಟೆಲಿನ ಸಭಾಂಗಣದಲ್ಲಿ, ಇಪ್ಪತ್ತು ಮಂದಿ ತಪ್ಪಿತಸ್ಥರ ನಡುವೆ, ಸುಮಾರು ನಾಲ್ಕು ಗಂಟೆ ಕಾಲ ವೇಗದ ಅಪಾಯಗಳ ಬಗ್ಗೆ ಪಾಠ ಕೇಳಿ ಬಂದೆ. ಶುಲ್ಕ ನಾನೇ ಕಟ್ಟಿದೆ. ಬಿಸ್ಕತ್ತು ಅವರದು.

30ರ ರಸ್ತೆಯಲ್ಲಿ 42ರವರೆಗೆ ಓಡಿಸಿದವರಿಗೂ ಪೊಲೀಸರು ಸಾಮಾನ್ಯವಾಗಿ ಈ ತರಗತಿಯ ಅವಕಾಶ ಕೊಡುತ್ತಾರೆ. ಒನಸಾನ್ಯರ ಕಾರಿನ ವೇಗ 41. ಪತ್ರಿಕೆಯಲ್ಲಿ ಆ ಅಂಕಿಯನ್ನು ಓದಿದಾಗ ನಾನು ಚಹಾದ ಲೋಟ ಕೆಳಗಿಟ್ಟೆ. ಅಂಥದೇ ಒಂದು ಸಭಾಂಗಣ, ಅದೇ ಬಿಸ್ಕತ್ತು. ಅಷ್ಟರಲ್ಲಿ ಮುಗಿದುಹೋಗಬಹುದಾಗಿದ್ದ ವಿಷಯ ಅದು.

ಅಪ್ಪನಿಗೆ ಈ ಪ್ರಕರಣವನ್ನು ಫೋನಿನಲ್ಲಿ ವಿವರಿಸುವುದೇ ಒಂದು ಸಾಹಸವಾಗಿತ್ತು. ಅವರು ನಿವೃತ್ತ ಹೆಡ್ ಮೇಷ್ಟ್ರು. ಮೂವತ್ತು ವರ್ಷ ಮತಗಟ್ಟೆಗಳಲ್ಲಿ ಚುನಾವಣಾ ಕೆಲಸ ಮಾಡಿದವರು, ಬ್ಯಾಲೆಟ್ ಪೆಟ್ಟಿಗೆಗೆ ಅರಗಿನ ಮೊಹರು ಹಾಕಿದವರು, ಮತಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದವರು.

‘ಮೂರು ತಿಂಗಳ ಶಿಕ್ಷೆಗೆ ಸಂಸದರ ಸ್ಥಾನ ಹೋಗುತ್ತದೆಯೇ? ನಮ್ಮಲ್ಲಿ ಎರಡು ವರ್ಷವಾದರೂ ಆಗಬೇಕು’ ಎಂದರು.

‘ತಾನಾಗಿ ಹೋಗುವುದಿಲ್ಲ ಅಪ್ಪ. ಒಂದು ವರ್ಷಕ್ಕಿಂತ ಹೆಚ್ಚು ಶಿಕ್ಷೆಯಾದರೆ ಮಾತ್ರ ತಾನಾಗಿ ಹೋಗುತ್ತದೆ. ಅದಕ್ಕಿಂತ ಕಡಿಮೆಯಾದರೆ, ಮೇಲ್ಮನವಿಯೂ ಮುಗಿದ ಮೇಲೆ, ಜನರನ್ನು ಕೇಳುತ್ತಾರೆ. ಆರು ವಾರ ಅರ್ಜಿ ತೆರೆದಿಡುತ್ತಾರೆ. ಕ್ಷೇತ್ರದ ಮತದಾರರಲ್ಲಿ ನೂರಕ್ಕೆ ಹತ್ತು ಮಂದಿ ಸಹಿ ಹಾಕಿದರೆ ಸ್ಥಾನ ಖಾಲಿ, ಉಪಚುನಾವಣೆ.’

‘ಹಾಕದಿದ್ದರೆ?’

‘ಅವರೇ ಮುಂದುವರಿಯುತ್ತಾರೆ. ಹಾಕಿದರೂ ಉಪಚುನಾವಣೆಗೆ ಅವರೇ ಮತ್ತೆ ನಿಲ್ಲಬಹುದು.’

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮತಗಟ್ಟೆ ಅಧಿಕಾರಿಯ ಪ್ರಶ್ನೆ ಬಂತು: ‘ಅವಳು ಇರಲಿ ಅನ್ನುವವರು ಎಲ್ಲಿ ಗುರುತು ಹಾಕಬೇಕು?’

ಎಲ್ಲಿಯೂ ಇಲ್ಲ. ಇದೇ ನನ್ನನ್ನೂ ಕಾಡಿದ್ದು. 2015ರ ಮರುಕರೆ ಕಾಯ್ದೆಯ ಪ್ರಕಾರ ಆ ಹಾಳೆಯಲ್ಲಿ ಇರುವುದು ಒಂದೇ ಚೌಕ. ಇಳಿಸಬೇಕು ಎನ್ನುವವರು ಸಹಿ ಹಾಕಬೇಕು, ಬೇಡ ಎನ್ನುವವರು ಮನೆಯಲ್ಲಿ ಕೂರಬೇಕು. ಹಾಗಾಗಿ ಆ ಕಟ್ಟಡದ ಬಾಗಿಲು ದಾಟಿದವರು ಯಾವ ಕಡೆಯವರೆಂದು ರಸ್ತೆಯಲ್ಲಿ ನಿಂತವರಿಗೂ ಗೊತ್ತು. ‘ಅದು ಹೇಗೆ ಗುಪ್ತ ಮತದಾನ?’ ಎಂದು ಅಪ್ಪ ಗದರಿದರು, ಕಾಯ್ದೆ ಬರೆದವನು ನಾನೇ ಎನ್ನುವಂತೆ.

ಗುರುವಾರ ಮಧ್ಯಾಹ್ನ ಹೋದಾಗ ಅದು ನಿಜವೆನಿಸಿತು. ಒಂದು ಸಮುದಾಯ ಭವನ. ಒಳಗೆ ಮಕ್ಕಳ ನೃತ್ಯ ತರಗತಿಯ ಭಿತ್ತಿಪತ್ರ, ಮಡಿಸಿಟ್ಟ ಕುರ್ಚಿಗಳು, ಒಂದು ಉದ್ದ ಮೇಜು, ಅದರ ಹಿಂದೆ ಇಬ್ಬರು ಸಿಬ್ಬಂದಿ. ಸಾಲಿಲ್ಲ, ಏಜೆಂಟರಿಲ್ಲ, ಪೊಲೀಸರಿಲ್ಲ. ಬಾಗಿಲ ಬಳಿ ನಮ್ಮ ಬೀದಿಯ ಹಿರಿಯ ಮಹಿಳೆಯೊಬ್ಬರು ಎದುರಾದರು. ಕಳೆದ ಸಲ ಇದೇ ಸಂಸದೆಗೆ ಪ್ರಚಾರದ ಚೀಟಿ ಹಂಚಿದ್ದವರು. ಅವರು ಹೊರಗೆ ಬರುತ್ತಿದ್ದರು, ನಾನು ಒಳಗೆ ಹೋಗುತ್ತಿದ್ದೆ. ಇಬ್ಬರೂ ಹವಾಮಾನದ ಬಗ್ಗೆ ಮಾತನಾಡಿದೆವು. ಇಂಗ್ಲೆಂಡಿನಲ್ಲಿ ಹವಾಮಾನ ಇರುವುದೇ ಇಂಥ ಸಂದರ್ಭಗಳಿಗೆ.

ಹೆಸರು, ವಿಳಾಸ ಕೇಳಿ, ಪಟ್ಟಿಯಲ್ಲಿ ಗೆರೆ ಎಳೆದು, ಹಾಳೆ ಕೊಟ್ಟರು. ಈವರೆಗೆ ಎಷ್ಟು ಸಹಿ ಬಿದ್ದಿವೆ ಎಂದು ಕೇಳಬೇಕೆನಿಸಿತು. ಅರ್ಜಿ ಮುಗಿಯುವವರೆಗೆ ಅದನ್ನು ಬಹಿರಂಗಪಡಿಸುವಂತಿಲ್ಲ ಎಂದು ಓದಿದ್ದೆ, ಸುಮ್ಮನಾದೆ. ಹಿಂದಿನ ವರ್ಷ ಉತ್ತರ ಐರ್ಲೆಂಡಿನ ನಾರ್ತ್ ಆಂಟ್ರಿಮ್ ಕ್ಷೇತ್ರದಲ್ಲಿ ಇಯಾನ್ ಪೇಸ್ಲಿಯವರ ವಿರುದ್ಧ ಇಂಥದೇ ಅರ್ಜಿ ತೆರೆದು, 444 ಸಹಿ ಕಡಿಮೆ ಬಿದ್ದು ಅವರು ಉಳಿದುಕೊಂಡಿದ್ದರು. ಆವರೆಗೆ ಈ ಕಾಯ್ದೆಯಿಂದ ಒಬ್ಬ ಸಂಸದರೂ ಸ್ಥಾನ ಕಳೆದುಕೊಂಡಿರಲಿಲ್ಲ.

ಹಾಳೆಯ ಮುಂದೆ ನಿಂತಾಗ ಅಡುಗೆಮನೆಯ ಮೇಜು ನೆನಪಾಯಿತು. ಪಿನ್‌ಕೋಡ್ ನೆನಪಿದ್ದಿದ್ದರೆ ನಾನು ಏನು ಬರೆಯುತ್ತಿದ್ದೆ? ಈ ಪ್ರಶ್ನೆಗೆ ನನ್ನ ಬಳಿ ಮರ್ಯಾದಸ್ಥ ಉತ್ತರವಿರಲಿಲ್ಲ. ಒಂದು ವಾದವನ್ನಂತೂ ಹೂಡಿಕೊಂಡೆ: ನಾನು ಕಾನೂನು ಓದಿದವನಲ್ಲ, ಅವರು ಓದಿದವರು, ನನ್ನನ್ನು ಯಾರೂ ಆರಿಸಿರಲಿಲ್ಲ, ಅವರನ್ನು ಆರಿಸಿದ್ದರು. ಇದು ಸರಿಯಾದ ವಾದ, ಈಗಲೂ ಹಾಗೆಯೇ ಅನ್ನಿಸುತ್ತದೆ. ಸಹಿ ಹಾಕಿದೆ. ಆದರೆ ನನ್ನ ಸಹಿ ಅಷ್ಟು ಸೊಟ್ಟಗೆ ಬಿದ್ದದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ಮೇ 1ರಂದು ಎಣಿಕೆಯಾಯಿತು. ಬೇಕಿದ್ದದ್ದು 6,967 ಸಹಿ, ಬಿದ್ದದ್ದು 19,261. ನೂರಕ್ಕೆ ಹತ್ತರ ಜಾಗದಲ್ಲಿ ಸುಮಾರು ಇಪ್ಪತ್ತೆಂಟು. ಮರುಕರೆಯಿಂದ ಸ್ಥಾನ ಕಳೆದುಕೊಂಡ ಮೊದಲ ಬ್ರಿಟಿಷ್ ಸಂಸದೆ ನಮ್ಮ ಕ್ಷೇತ್ರದವರಾದರು. ಅಷ್ಟರಲ್ಲಿ ಅವರು ಸೆರೆಯಿಂದ ಬಂದು ಸಂಸತ್ತಿನಲ್ಲಿ ಮತವನ್ನೂ ಹಾಕಿದ್ದರು. ಏಪ್ರಿಲ್ 3ರಂದು, ಬ್ರಿಟನ್ ಒಪ್ಪಂದವಿಲ್ಲದೆ ಯುರೋಪಿಯನ್ ಒಕ್ಕೂಟದಿಂದ ಹೊರಬೀಳುವುದನ್ನು ತಡೆಯುವ ಮಸೂದೆ 313–312ರಲ್ಲಿ, ಒಂದೇ ಮತದಿಂದ ಪಾಸಾಯಿತು. ಆ 313ರಲ್ಲಿ ಅವರೂ ಒಬ್ಬರು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಬ್ರೆಕ್ಸಿಟ್ ಪರ ಮನುಷ್ಯನಿಗೆ ಅದನ್ನು ನೆನೆದರೆ ಕುತ್ತಿಗೆ ಕೆಂಪಾಗುತ್ತಿತ್ತು. ಅವನ ಸಹಿಗೆ ವೇಗ, ಸುಳ್ಳು ಯಾವುದೂ ಕಾರಣವಲ್ಲ, ಆ ಒಂದು ಮತ ಕಾರಣ. ಹಾಳೆಯಲ್ಲಿ ಕಾರಣ ಬರೆಯಲಿಕ್ಕೂ ಜಾಗವಿರಲಿಲ್ಲವಲ್ಲ.

ಉಪಚುನಾವಣೆ ಜೂನ್ 6ಕ್ಕೆ. ಹದಿನೈದು ಅಭ್ಯರ್ಥಿಗಳು. ಒನಸಾನ್ಯ ನಿಲ್ಲಲಿಲ್ಲ. ಹೊಸದಾಗಿ ಹುಟ್ಟಿದ ಬ್ರೆಕ್ಸಿಟ್ ಪಕ್ಷ ಗೆದ್ದೇ ಬಿಡುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಮತ್ತೆ ಲೇಬರ್ ಪಕ್ಷವೇ, ಲೀಸಾ ಫೋರ್ಬ್ಸ್ ಅವರ ಮೂಲಕ, 683 ಮತಗಳಿಂದ ಗೆದ್ದಿತು. ಇಷ್ಟೆಲ್ಲ ಮಾಡಿ ಹಳೆಯ ಪಕ್ಷವೇ ಬಂತಲ್ಲ ಎಂದು ಅಪ್ಪ ನಕ್ಕರು. ಅದೂ ಆರು ತಿಂಗಳ ಭಾಗ್ಯ, ಡಿಸೆಂಬರಿನ ಸಾರ್ವತ್ರಿಕ ಚುನಾವಣೆಯಲ್ಲಿ ಸ್ಥಾನ ಕನ್ಸರ್ವೇಟಿವ್ ಪಕ್ಷಕ್ಕೆ ಹೋಯಿತು.

ನಾಲ್ಕು ವರ್ಷದ ನಂತರ, 2023ರ ಮಾರ್ಚ್‌ನಲ್ಲಿ, ಅಪ್ಪನೇ ಫೋನು ಮಾಡಿದರು. ನಾನು ಸಹಿ ಹಾಕುವ ಐದು ದಿನ ಮೊದಲು, 2019ರ ಏಪ್ರಿಲ್ 13ರಂದು, ಕೋಲಾರದ ಚುನಾವಣಾ ಸಭೆಯಲ್ಲಿ ಆಡಿದ ಮಾತಿಗೆ ಸೂರತ್ ನ್ಯಾಯಾಲಯ ರಾಹುಲ್ ಗಾಂಧಿಯವರಿಗೆ ಎರಡು ವರ್ಷ ಶಿಕ್ಷೆ ವಿಧಿಸಿತ್ತು. ಮರುದಿನವೇ ಸಂಸದ ಸ್ಥಾನ ಹೋಗಿತ್ತು. ವಯನಾಡಿಗೆ ಉಪಚುನಾವಣೆ ಬರುತ್ತದೆಂಬ ಮಾತು ಎದ್ದಿತ್ತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿ ಸ್ಥಾನ ಮರಳಿತು, ಆಗ ಉಪಚುನಾವಣೆ ನಡೆಯಲಿಲ್ಲ.

‘ಇಲ್ಲಿ ಯಾರೂ ವಯನಾಡಿನವರನ್ನು ಕೇಳಲಿಲ್ಲ ನೋಡು’ ಎಂದರು ಅಪ್ಪ. ‘ನಿಮ್ಮಲ್ಲಿ ಕೇಳಿದರು. ಆದರೆ ಅರ್ಧ ಮಾತ್ರ ಕೇಳಿದರು.’

ನಾನು ಹೂಂಗುಟ್ಟಿದೆ.

‘ಅದಿರಲಿ, ಆವತ್ತು ಕೇಳುವುದನ್ನು ಮರೆತಿದ್ದೆ. ಆಮೇಲೆ ಉಪಚುನಾವಣೆಯಲ್ಲಿ ಮತ ಹಾಕಿದೆಯಲ್ಲ, ಬೆರಳಿಗೆ ಶಾಯಿ ಹಚ್ಚಿದರೇ?’

‘ಇಲ್ಲ ಅಪ್ಪ. ದಾರ ಕಟ್ಟಿದ ಪೆನ್ಸಿಲ್ ಕೊಟ್ಟಿದ್ದರು.’

‘ಪೆನ್ಸಿಲ್ಲೇ!’ ಎಂದ ಮೂವತ್ತು ವರ್ಷದ ಮತಗಟ್ಟೆ ಅಧಿಕಾರಿ, ಮುಂದೆ ಮಾತೇ ಹೊರಡದೆ, ಫೋನನ್ನು ಅಮ್ಮನ ಕೈಗೆ ಕೊಟ್ಟುಬಿಟ್ಟರು.